ಲೆಕ್ಕಕ್ಕುಂಟು, ಸುದ್ದಿಗಿಲ್ಲ

ಪ್ರತಿ ಗುರುವಾರ ಟಿಆರ್‌ಪಿ ಬರುತ್ತೆ. ಯಾವ ಧಾರಾವಾಹಿ ನಂಬರ್ ಒನ್, ಯಾವುದು ಕೆಳಗೆ ಜಾರಿತು ಅಂತ ಫೇಸ್‌ಬುಕ್ ತುಂಬಾ ಪಟ್ಟಿಗಳು ಓಡಾಡುತ್ತವೆ. ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಅದನ್ನು ನೋಡುವವರಿದ್ದಾರೆ. ನಮ್ಮ ಕಡೆ ಗುರುವಾರ ಅಂದ್ರೆ ಬೇರೆ. ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರ್. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಆ ದಿನ ಫೋನ್ ಎತ್ತಿದವರು ಮೊದಲು ಕೇಳೋದು "ರೇಟ್ ಏನಾತು?" ಅಂತ. ಈ ಎರಡು ಗುರುವಾರಗಳ ನಡುವೆ ಇರುವ ದೂರವೇ ನನ್ನ ಇವತ್ತಿನ ತಕರಾರು.

ಟಿವಿಯವರ ಲೆಕ್ಕದೊಳಗೆ ಹಳ್ಳಿ ಸೇರಿದ್ದು ಯಾವಾಗ ಅಂತ ಕೇಳಿ ನೋಡಿ, ಬಹಳ ಜನಕ್ಕೆ ಗೊತ್ತಿರಲ್ಲ. 2015ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಟ್ಯಾಮ್ ಅನ್ನೋ ಸಂಸ್ಥೆ ಅಳೆಯುತ್ತಿತ್ತು, ಮೀಟರುಗಳು ಇದ್ದದ್ದು ನಗರ-ಪಟ್ಟಣಗಳಲ್ಲಿ. ಆಮೇಲೆ ಬಂದ ಬಾರ್ಕ್ ಸಂಸ್ಥೆ ಹಳ್ಳಿ ಮನೆಗಳಲ್ಲೂ ಮೀಟರ್ ಇಟ್ಟಿತು. ಅಂದರೆ 1994ರಲ್ಲಿ ಶುರುವಾದ ಉದಯ ಟಿವಿ, 2000ದಲ್ಲಿ ಬಂದ ಈಟಿವಿ ಕನ್ನಡ, 2006ರ ಜೀ ಕನ್ನಡ, 2007ರ ಸುವರ್ಣ, ಇವೆಲ್ಲಾ ಹುಟ್ಟಿ ಬೆಳೆದದ್ದು ಪೇಟೆಯವರ ಕಣ್ಣಳತೆಯಲ್ಲಿ. ನಮ್ಮೂರಿನ ಜನ ನೋಡುತ್ತಿದ್ದರು, ಆದರೆ ನೋಡಿದ್ದು ಯಾರಿಗೂ ಬೇಕಾಗಿರಲಿಲ್ಲ.

ನಾನು ಬಿಇ ಓದಿದವನಾದ್ದರಿಂದ ಆ ಮೀಟರ್ ಹೇಗೆ ಕೆಲಸ ಮಾಡುತ್ತೆ ಅನ್ನೋದರ ಮೇಲೆ ಸ್ವಲ್ಪ ಮೋಹ ಜಾಸ್ತಿ. ಪ್ರತಿ ಚಾನೆಲ್ಲಿನ ಸದ್ದಿನೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತನ್ನು ಸೇರಿಸಿರುತ್ತಾರೆ. ಮನೆಯಲ್ಲಿರುವ ಪೆಟ್ಟಿಗೆ ಟಿವಿಯ ಸದ್ದನ್ನು ಕೇಳಿಸಿಕೊಂಡು ಆ ಗುರುತನ್ನು ಹಿಡಿದು, ಇಷ್ಟು ಗಂಟೆಗೆ ಇಂಥ ಚಾನೆಲ್ ಅಂತ ಬರೆದುಕೊಳ್ಳುತ್ತೆ. ನೋಡುವವರು ಯಾರು, ಅಜ್ಜಿನೋ ಮೊಮ್ಮಗನೋ ಅನ್ನೋದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ ಅಂತ 2020ರ ಅಂದಾಜು. ಪೆಟ್ಟಿಗೆ ಇರುವ ಮನೆಗಳು 50ರಿಂದ 60 ಸಾವಿರದೊಳಗೆ. ಸ್ಯಾಂಪಲ್ ಚಿಕ್ಕದು ಅಂತ ನಾನು ಬಯ್ಯಲ್ಲ, ಸರಿಯಾಗಿ ಆರಿಸಿದರೆ ಅಷ್ಟು ಸಾಕು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ಲ, ಹಾಗೆ. ನನ್ನ ಪ್ರಶ್ನೆ ಬೇರೆ. ಆ ಪೆಟ್ಟಿಗೆಗೆ ಟಿವಿಯ ಸದ್ದು ಮಾತ್ರ ಕೇಳುತ್ತೆ. ಟಿವಿ ನೋಡ್ತಾ ನಮ್ಮವ್ವ ಏನಂದಳು ಅನ್ನೋದು ಕೇಳಲ್ಲ.

ನಮ್ಮವ್ವ ನ್ಯೂಸ್ ಚಾನೆಲ್ ಬಂದ್ರೆ ಅನ್ನೋದು ಇಷ್ಟೇ: "ಅದನ್ನ ತಗೀಪಾ ತಮ್ಮಾ, ಬರೇ ಒದರತಾರ." ಅಷ್ಟಂದು ಧಾರಾವಾಹಿ ಹಚ್ಚಿಸಿಕೊಳ್ಳುತ್ತಾಳೆ.

ಹಳ್ಳಿ ಲೆಕ್ಕಕ್ಕೆ ಬಂದಮೇಲೆ ಧಾರಾವಾಹಿಗಳು ಏನೂ ಬದಲಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ನೋಡಿ. ಉಮಾಶ್ರೀ ಅಲ್ಲಿ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಎದುರಿಗೆ ಬಡ್ಡಿ ಬಂಗಾರಮ್ಮ ಅನ್ನೋ ಸಾಲ ಕೊಡುವವಳು. ಬಡ್ಡಿ, ಸಾಲ, ಹೆಣ್ಣುಮಕ್ಕಳ ಓದು, ಗಂಡ ಬಿಟ್ಟವಳ ಮರ್ಯಾದೆ, ಇವು ನಮ್ಮೂರಲ್ಲಿ ದಿನಾ ಕಟ್ಟೆ ಮೇಲೆ ಕೂತು ಮಾತಾಡುವ ಸಂಗತಿಗಳೇ. ಉಮಾಶ್ರೀ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆ ಮುಂದೆ ನಿಂತರೆ ಅದು ನಟನೆ ಅನ್ನಿಸಲ್ಲ. ನಾಟಕ ಕಂಪನಿಯಲ್ಲಿ ಪಳಗಿದ ಮೈ ಅದು, ಸುಳ್ಳು ಹೇಳಲ್ಲ. ಮೊದಲ ಕೆಲವು ತಿಂಗಳು ನಾನೂ ಕೂತು ನೋಡಿದೆ. ಆದರೆ ವಾರಕ್ಕೆ ಐದಾರು ಕಂತು ಎಳೆಯಬೇಕಲ್ಲ, ಆಗ ಸಾಲದ ಕಥೆ ಹಿಂದಕ್ಕೆ ಸರಿದು, ಬಾಗಿಲ ಮರೆಯಲ್ಲಿ ನಿಂತು ಸಂಚು ಮಾಡುವವರು ಮುಂದಕ್ಕೆ ಬರುತ್ತಾರೆ. ಯಾವ ಧಾರಾವಾಹಿಯಾದರೂ ಆರು ತಿಂಗಳಾದ ಮೇಲೆ ಹಳ್ಳಿ ಅನ್ನೋದು ಹೊಸ ಬಣ್ಣ ಬಳಿದ ತೊಟ್ಟಿಮನೆ, ಮಲಗುವಾಗಲೂ ತೆಗೆಯದ ಒಡವೆ.

ಇನ್ನು ಭಾಷೆ. ಧಾರಾವಾಹಿಯ ಹಳ್ಳಿ ಸಾಮಾನ್ಯವಾಗಿ ಮಂಡ್ಯ-ಮೈಸೂರಿನ ಕಡೆಯದು. ಅದು ಚೆಂದದ ಕನ್ನಡ, ತಕರಾರಿಲ್ಲ. ನಮ್ಮ ಕಡೆಯ ಮಾತು ಬೇಕಾಗೋದು ಕಾಮಿಡಿ ಶೋಗೆ. ಯಾರಾದರೂ ಪೇಟ ಸುತ್ತಿಕೊಂಡು "ಏನ್ಲೇ" ಅಂದ್ರೆ ತೀರ್ಪುಗಾರರು ಕುರ್ಚಿಯಿಂದ ಎದ್ದು ನಗುತ್ತಾರೆ. ನಮ್ಮ ಮಾತಲ್ಲಿ ಒಬ್ಬಳು ಅಳಬಹುದು, ಒಬ್ಬ ಪ್ರೀತಿ ಮಾಡಬಹುದು, ಒಬ್ಬ ವಕೀಲ ವಾದ ಮಾಡಬಹುದು ಅನ್ನೋದು ಈ ಮೂವತ್ತು ವರ್ಷದಲ್ಲಿ ಅಪರೂಪಕ್ಕೊಮ್ಮೆ ಕಂಡದ್ದು.

ಆದರೂ ಧಾರಾವಾಹಿಗೆ ನಾನು ಅರ್ಧ ಮಾಫಿ ಕೊಡ್ತೀನಿ. ಅದು ಕಥೆ ಅಂತ ಹೇಳಿಯೇ ಕಥೆ ಹೇಳುತ್ತೆ. ಸುದ್ದಿ ವಾಹಿನಿಗಳಿಗೆ ಆ ಮಾಫಿ ಇಲ್ಲ.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ದಿಢೀರ್ ಕುಸಿಯಿತು. ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅವತ್ತು ಎಲ್ಲಾ ಚಾನೆಲ್ಲುಗಳಲ್ಲೂ ಬ್ಯಾಡಗಿ. ಕೆಂಪು ಪಟ್ಟಿ, ಉರಿಯುವ ವಾಹನ, ಅದೇ ಹತ್ತು ಸೆಕೆಂಡಿನ ದೃಶ್ಯ ಸುತ್ತಿ ಸುತ್ತಿ. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಒಂದಾದ ಮೇಲೊಂದು ತೆಗೆದು ನೋಡಿದೆ. ನನಗೆ ಬೇಕಾಗಿದ್ದದ್ದು ಸರಳ ಸಂಗತಿಗಳು. ಹಿಂದಿನ ವಾರದ ದರ ಎಷ್ಟಿತ್ತು? ಇವತ್ತು ಎಷ್ಟು ಚೀಲ ಬಂದಿತ್ತು? ಶೈತ್ಯಾಗಾರದಲ್ಲಿ ಹಳೇ ಮಾಲು ಎಷ್ಟಿದೆ? ಇ-ಟೆಂಡರ್‌ನಲ್ಲಿ ವರ್ತಕ ದರ ಬರೆಯೋದು ಹೇಗೆ? ಬಳ್ಳಾರಿಯಿಂದ, ಆಂಧ್ರದಿಂದ ಲಾರಿ ಮಾಡಿಕೊಂಡು ಬಂದ ರೈತನಿಗೆ ಮಾಲು ವಾಪಸ್ ಒಯ್ಯೋಕೆ ಎಷ್ಟು ಖರ್ಚು? ಇಷ್ಟರಲ್ಲಿ ಒಂದೋ ಎರಡೋ ಮರುದಿನದ ಪೇಪರಿನಲ್ಲಿ ಸಿಕ್ಕವು. ಟಿವಿಯಲ್ಲಿ ನಾನು ನೋಡಿದಷ್ಟು ಹೊತ್ತು ಸಿಕ್ಕಿದ್ದು ಹೊಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ, ಅಷ್ಟು ಹೆಸರಿದೆ. ಹೆಸರಿರುವ ಊರಿಗೇ ಟಿವಿ ಬರೋಕೆ ಬೆಂಕಿ ಬೀಳಬೇಕಾದರೆ ಹೆಸರಿಲ್ಲದ ಊರಿನ ಗತಿ ಏನು? ಚಿರತೆ ಬರಬೇಕು, ಇಲ್ಲಾ ಬಸ್ಸು ಉರುಳಬೇಕು.

ಆ ಸುದ್ದಿ ಹೇಳುವ ಕನ್ನಡವನ್ನಾದರೂ ಒಮ್ಮೆ ಕಿವಿಗೊಟ್ಟು ಕೇಳಿ. "ಪೊಲೀಸರು ಬಂಧಿಸಿದ್ದಾರೆ" ಅನ್ನೋದು ಎರಡು ಪದ. ಟಿವಿಯಲ್ಲಿ ಅದು "ಪೊಲೀಸರು ಬಂಧಿಸುವಂಥ ಒಂದು ಕೆಲಸವನ್ನು ಮಾಡಿರುವಂಥದ್ದು" ಆಗುತ್ತೆ. ಮಳೆ ಬರಲ್ಲ, "ಮಳೆಯಾಗ್ತಾ ಇರುವಂಥದ್ದನ್ನು ನಾವು ಗಮನಿಸಬಹುದು". ಮೊದಮೊದಲು ನಾನು ನಗುತ್ತಿದ್ದೆ. ಆಮೇಲೆ ಅದರ ಹಿಂದಿನ ಕಾರಣ ತಿಳೀತು. ಸ್ಟುಡಿಯೋದಲ್ಲಿ ಕೂತವರಿಗೆ ಮಾಹಿತಿ ಇನ್ನೂ ಬಂದಿರಲ್ಲ, ಸ್ಥಳದಲ್ಲಿ ನಿಂತ ವರದಿಗಾರನಿಗೂ ವಿಚಾರಿಸೋಕೆ ಹೊತ್ತು ಸಿಕ್ಕಿರಲ್ಲ, ಆದರೆ ಬಾಯಿ ಮುಚ್ಚೋ ಹಾಗಿಲ್ಲ. ಇಪ್ಪತ್ತನಾಲ್ಕು ಗಂಟೆ ತುಂಬಬೇಕು. ಆಗ ಕ್ರಿಯಾಪದವನ್ನು ರಬ್ಬರಿನ ಹಾಗೆ ಎಳೆಯೋದೊಂದೇ ದಾರಿ. ಜಿಲ್ಲೆಗೆ ಒಬ್ಬನೇ ವರದಿಗಾರ ಇದ್ದು, ಅವನೇ ಏಳೆಂಟು ತಾಲ್ಲೂಕು ಸುತ್ತಬೇಕಾದಾಗ ಹೀಗೇ ಆಗೋದು. ನನ್ನ ಸಿಟ್ಟು ಅವನ ಮೇಲಲ್ಲ.

"ಟಿಆರ್‌ಪಿ ಬೇಕಲ್ಲಾ ಸಾರ್" ಅಂತ ಚಾನೆಲ್ಲಿನವರು ಹೇಳೋದುಂಟು. ಈ ಮಾತನ್ನು ಪರೀಕ್ಷೆ ಮಾಡುವ ಒಂದು ಅವಕಾಶ ತಾನಾಗೇ ಒದಗಿ ಬಂದಿತ್ತು. 2020ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಟಿಆರ್‌ಪಿ ಹಗರಣ ಹೊರಬಿದ್ದಾಗ ಬಾರ್ಕ್ ಸುದ್ದಿ ವಾಹಿನಿಗಳ ರೇಟಿಂಗ್ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಹತ್ತಿರ ಹತ್ತಿರ ಒಂದೂವರೆ ವರ್ಷ ನಂಬರೇ ಇಲ್ಲ! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಒಂದು ವೇರಿಯೆಬಲ್ ತೆಗೆದು ಟೆಸ್ಟ್ ಮಾಡಿದ ಹಾಗೆ. ಫಲಿತಾಂಶ? ಬೆಳಗಿನ ಜ್ಯೋತಿಷ್ಯ ಹಾಗೇ ಇತ್ತು, ಸಂಜೆಯ ಜಗಳ ಹಾಗೇ ಇತ್ತು, ಹಿನ್ನೆಲೆಯ ಢಂಢಂ ಸಂಗೀತ ಒಂದು ಡೆಸಿಬಲ್ಲೂ ಇಳಿಯಲಿಲ್ಲ. ಆ ಅವಧಿಯಲ್ಲೇ, 2021ರ ಮೇನಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ದುರಂತ ನಡೆದಾಗ ಇದೇ ವಾಹಿನಿಗಳು ಬೆನ್ನುಹತ್ತಿ ಕೇಳಿದವು ಅನ್ನೋದನ್ನೂ ಹೇಳಬೇಕು. ಮಾಡೋಕೆ ಬರುತ್ತೆ ಅಂತ ಆಯ್ತಲ್ಲ. ಬರುತ್ತೆ, ಆದರೆ ಸಾವಿನ ದಿನ ಮಾತ್ರ.

ಹಳ್ಳಿಯವರು ಏನು ಕೊಟ್ಟರೂ ನೋಡ್ತಾರೆ ಅನ್ನೋ ಇನ್ನೊಂದು ಮಾತಿದೆ. ಅದಕ್ಕೆ ಉತ್ತರವೂ 2020ರಲ್ಲೇ ಇದೆ. ಅದಕ್ಕೆ ಎಂಟು ವರ್ಷ ಹಿಂದೆ, 2012ರಲ್ಲಿ, ಆಮೀರ್ ಖಾನ್‌ನ 'ಸತ್ಯಮೇವ ಜಯತೇ' ಕನ್ನಡದಲ್ಲಿ ಬರಬೇಕಿತ್ತು. ಡಬ್ಬಿಂಗ್ ವಿರೋಧದಿಂದ ಬರಲಿಲ್ಲ. ಕನ್ನಡಿಗರು ಬೇರೆ ಭಾಷೆಯಲ್ಲೇ ನೋಡಬೇಕಾಯ್ತು. ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಆ ಗೋಡೆ ಸದ್ದಿಲ್ಲದೆ ಬಿತ್ತು. ಸ್ಟಾರ್ ಸುವರ್ಣದಲ್ಲಿ ಡಬ್ ಆದ ಮಹಾಭಾರತ ಬಂತು. ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಬಂತು, ಅಂಬೇಡ್ಕರ್ ಬದುಕಿನ ಹಿಂದಿ ಧಾರಾವಾಹಿಯ ಕನ್ನಡ ರೂಪ. ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ ಅಂತ ಕಾಣುತ್ತೆ. ಊರೂರಲ್ಲಿ ಫ್ಲೆಕ್ಸ್ ಎದ್ದವು. ಸಿನಿಮಾ ಹೀರೋಗೆ, ಶಾಸಕರ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸನ್ನು ಒಂದು ಟಿವಿ ಧಾರಾವಾಹಿಗೆ ಜನ ತಾವೇ ಚಂದಾ ಎತ್ತಿ ಕಟ್ಟಿದರು. ನಿಲ್ಲಿಸಿ ಅಂತ ಬೆದರಿಕೆ ಕರೆಗಳು ಬಂದಾಗ ಫ್ಲೆಕ್ಸ್ ಇನ್ನೂ ಜಾಸ್ತಿಯಾದವು. ನಮ್ಮೂರ ಕೇರಿಯಲ್ಲೂ ಒಂದು ಇತ್ತು, ಮಳೆಗೆ ಹರಿದರೂ ಬಹಳ ದಿನ ಯಾರೂ ತೆಗೀಲಿಲ್ಲ.

ಕಲೆಯ ದೃಷ್ಟಿಯಿಂದ 'ಮಹಾನಾಯಕ' ದೊಡ್ಡ ಕೃತಿಯೇನಲ್ಲ. ಅದೇ ಜೂಮ್, ಅದೇ ಮೂರು ಸಲ ತೋರಿಸುವ ಮುಖಗಳು. ತುಟಿಗೂ ಮಾತಿಗೂ ಹೊಂದಾಣಿಕೆ ಅಷ್ಟಕ್ಕಷ್ಟೆ. ಆದರೂ ನೀರು ಮುಟ್ಟಿದ್ದಕ್ಕೆ ಪೆಟ್ಟು ತಿಂದ ಹುಡುಗನನ್ನು ಸಂಜೆ ಹೊತ್ತು, ಮನೆಮಂದಿಯೆಲ್ಲಾ ಕೂತ ಕೋಣೆಯಲ್ಲಿ, ಕನ್ನಡದಲ್ಲಿ ಮಾತಾಡಿಸಿತು. ನಮ್ಮ ಮನೆ ಪಡಸಾಲೆಯಲ್ಲಿ ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಆಡದ ಮಾತುಗಳು ಆಡಬೇಕಾದವು. ಮೀಟರ್ ಇದ್ದಿದ್ದರೆ ಅಷ್ಟು ನಿಮಿಷ ಅಂತ ಬರೆದುಕೊಂಡಿರುತ್ತಿತ್ತು, ಅಷ್ಟೆ. ನನಗೆ ಬೇಜಾರಾಗೋದು ಒಂದೇ ವಿಷಯಕ್ಕೆ. ಇದನ್ನು ಹಿಂದಿಯಿಂದ ತರಬೇಕಾಯ್ತು. ಹನ್ನೆರಡನೇ ಶತಮಾನದಿಂದ ಜಾತಿಯ ಬಗ್ಗೆ ಕನ್ನಡದಲ್ಲಿ ಇಷ್ಟು ಜಗಳ ನಡೆದಿದೆ, ದಲಿತ ಸಾಹಿತ್ಯವೇ ಒಂದು ಕಪಾಟು ತುಂಬ ಇದೆ. ಅದನ್ನು ಬಿಟ್ಟು ನಮ್ಮ ಚಾನೆಲ್ಲುಗಳು ಅತ್ತೆ-ಸೊಸೆಗೇ ಕಥೆಗಾರರನ್ನು ಕೂರಿಸಿಕೊಂಡಿದ್ದವು.

ಹಾಗಾದ್ರೆ ಊರಿನ ಸುದ್ದಿ ಊರಿನವರೇ ಮಾಡಬಹುದಲ್ಲ ಅಂತ ಕೇಳಬಹುದು. ಮಾಡ್ತಿದ್ದಾರೆ. ಮಂಗಳೂರು-ಉಡುಪಿ ಕಡೆ ನಮ್ಮ ಟಿವಿ, ದಾಯ್ಜಿವರ್ಲ್ಡ್, ವಿ4ನಂಥವು ತುಳು ಕಾರ್ಯಕ್ರಮಗಳ ಜೊತೆ ಊರಿನ ಸುದ್ದಿಯನ್ನೂ ಕೊಡುತ್ತವೆ. ಬೇರೆ ಜಿಲ್ಲಾ ಕೇಂದ್ರಗಳಲ್ಲೂ ಕೇಬಲ್ ಆಪರೇಟರ್ ನಡೆಸುವ ಸಣ್ಣ ಚಾನೆಲ್ಲುಗಳಿವೆ, ನಗರಸಭೆಯ ನೀರಿನ ಸರದಿಯಿಂದ ಹಿಡಿದು ಜಾತ್ರೆಯ ತೇರಿನವರೆಗೆ ತೋರಿಸುತ್ತವೆ. ಆದರೆ ಇಲ್ಲೊಂದು ತಾಂತ್ರಿಕ ತೊಡಕಿದೆ. ಕೇಬಲ್ ತಂತಿ ಪೇಟೆಯ ಅಂಚಿಗೆ ನಿಲ್ಲುತ್ತೆ. ಹಳ್ಳಿಯ ಮಾಳಿಗೆ ಮೇಲಿರೋದು ಡಿಶ್. ಡಿಶ್‌ಗೆ ಸಿಗ್ನಲ್ ಬರೋದು ಇಡೀ ದೇಶವನ್ನು ಆವರಿಸುವ ಉಪಗ್ರಹದಿಂದ, ಅಲ್ಲಿ ಒಂದು ತಾಲ್ಲೂಕಿನ ಚಾನೆಲ್ಲಿಗೆ ಜಾಗ ಕೊಳ್ಳೋಕೆ ಯಾರಿಗೆ ಸಾಧ್ಯ? ಸ್ಥಳೀಯ ಸುದ್ದಿ ಹೆಚ್ಚು ಬೇಕಾದ ಮನೆಗೇ ಸ್ಥಳೀಯ ಚಾನೆಲ್ ತಲುಪಲ್ಲ. ಮೇಲೆ ದುಡ್ಡಿನ ಮಾತು. 2019ರ ಫೆಬ್ರುವರಿಯಲ್ಲಿ ಹೊಸ ದರ ಪದ್ಧತಿ ಬಂದಾಗ ಏನೂ ನೋಡದೇ ಇದ್ದರೂ ತಿಂಗಳಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ಚಿಲ್ಲರೆ. ಅದರ ಮೇಲೆ ಜೀ ಕನ್ನಡಕ್ಕೆ 19, ಕಲರ್ಸ್ ಕನ್ನಡಕ್ಕೆ 19. ಕೂಲಿಯವರ ಮನೆಯಲ್ಲಿ ಒಂದು ಚಾನೆಲ್ ಉಳಿಸಿ ಇನ್ನೊಂದು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಚಂದನಕ್ಕೆ ಈ ಕಷ್ಟ ಇಲ್ಲ, ಪುಕ್ಕಟೆ. ಕೃಷಿ ಕಾರ್ಯಕ್ರಮ ಇದೆ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಿಂದ ನಡೀತಾ ಇದೆ, ಸರಿ ಉತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮ ಇಷ್ಟು ವರ್ಷ ಬದುಕಿದ್ದೇ ಒಂದು ಸಮಾಧಾನ. ಆದರೆ ಸರ್ಕಾರಿ ವಾಹಿನಿ ಮಾರುಕಟ್ಟೆಯ ದರ ಹೇಳಬಹುದೇ ಹೊರತು ದರ ಯಾಕೆ ಬಿತ್ತು ಅಂತ ಮಂತ್ರಿಯನ್ನು ನಿಲ್ಲಿಸಿ ಕೇಳಲ್ಲ. ಕೇಳುವ ಧೈರ್ಯ ಇರುವ ಖಾಸಗಿಯವರು ದರ ಎಷ್ಟು ಅಂತಲೇ ತಿಳಿದುಕೊಂಡಿರಲ್ಲ.

ಈಗ ನಮ್ಮ ಕಡೆ ಗುರುವಾರ ಮಧ್ಯಾಹ್ನ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬರುತ್ತೆ. ಮಾರುಕಟ್ಟೆಯ ಚೀಲಗಳ ನಡುವೆ ನಿಂತ ಹುಡುಗನೊಬ್ಬ ಮೂಗಿಗೆ ಟವೆಲ್ ಕಟ್ಟಿಕೊಂಡು, ನಡುನಡುವೆ ಸೀನುತ್ತಾ, ಡಬ್ಬಿಗೆ ಇಷ್ಟು, ಕಡ್ಡಿಗೆ ಇಷ್ಟು, ಗುಂಟೂರಿಗೆ ಇಷ್ಟು ಅಂತ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ. ಹಿಂದೆ ಹಮಾಲರ ಕೂಗು, ಲಾರಿ ಹಾರ್ನು. "ಹೇಳುವಂಥ ಕೆಲಸ" ಮಾಡಲ್ಲ, ಹೇಳ್ತಾನೆ. ನಮ್ಮವ್ವ ಅದನ್ನು ಎರಡು ಸಲ ಹಚ್ಚಿ ಕೇಳುತ್ತಾಳೆ.