‘ಓಮೆರೋಸ್’ ಕಾವ್ಯದಲ್ಲಿ ಉಪಮಾನದ ಆಳ್ವಿಕೆ

ಕೆರಿಬಿಯನ್ ಸಮುದ್ರದ ಅಂಚಿನಲ್ಲಿ ಸೇಂಟ್ ಲೂಸಿಯ ಎಂಬುದೊಂದು ಚಿಕ್ಕ ದ್ವೀಪ. ಸುಮಾರು 616 ಚದರ ಕಿಲೋಮೀಟರು ವಿಸ್ತಾರದ ಈ ನೆಲಕ್ಕಾಗಿ ಫ್ರೆಂಚರೂ ಆಂಗ್ಲೇಯರೂ ಒಂದೂವರೆ ಶತಮಾನ ಕಾಲ ಹೋರಾಡಿದರು; ಅದು ಹದಿನಾಲ್ಕು ಬಾರಿ ಕೈಬದಲಾಯಿತೆಂದು ಚರಿತ್ರಕಾರರ ಎಣಿಕೆ. 1814ರಲ್ಲಿ ಆಂಗ್ಲೇಯರ ವಶದಲ್ಲಿ ಸ್ಥಿರವಾಗಿ ನಿಂತು, 1979ರಲ್ಲಿ ಸ್ವತಂತ್ರವಾಯಿತು. ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿಯ ನೆನಪಿನಿಂದ ‘ವೆಸ್ಟ್ ಇಂಡೀಸಿನ ಹೆಲೆನ್’ ಎಂಬ ಬಿರುದೂ ಅದಕ್ಕೆ ಅಂಟಿಕೊಂಡಿತು. ಬಿರುದು ಮನೋಹರವಾದುದೇ ಸರಿ. ಆದರೆ ಗೆಲ್ಲಬಂದವರ ಕಣ್ಣಿಗೆ ತೋರಿದ ಉಪಮಾನವದು; ಅಲ್ಲಿ ಕಬ್ಬಿನ ಗದ್ದೆಗಳಲ್ಲಿ ದುಡಿದ ಆಫ್ರಿಕದ ದಾಸರ ನೆನಪು ಅದರಲ್ಲಿಲ್ಲ.

ಈ ದ್ವೀಪದಲ್ಲಿ ಹುಟ್ಟಿ 1992ರ ನೊಬೆಲ್ ಬಹುಮಾನವನ್ನು ಪಡೆದ ಡೆರಿಕ್ ವಾಲ್ಕಟ್ (1930–2017) ಆ ಉಪಮಾನವನ್ನೇ ಹಿಡಿದು 1990ರಲ್ಲಿ ‘ಓಮೆರೋಸ್’ ಎಂಬ ಮಹಾಕಾವ್ಯವನ್ನು ಪ್ರಕಟಿಸಿದನು. ಓಮೆರೋಸ್ ಎಂದರೆ ಹೋಮರನ ಗ್ರೀಕ್ ಹೆಸರು. ಏಳು ಕಾಂಡ, ಅರವತ್ತನಾಲ್ಕು ಅಧ್ಯಾಯಗಳ ಈ ಕೃತಿಯಲ್ಲಿ ಆಶೀಲ್, ಹೆಕ್ಟರ್ ಎಂಬಿಬ್ಬರು ಬೆಸ್ತರು ಹೆಲೆನ್ ಎಂಬವಳಿಗಾಗಿ ಸೆಣಸುತ್ತಾರೆ. ಆ ಹೆಲೆನಳೋ ಪರರ ಮನೆಯಲ್ಲಿ ಊಳಿಗ ಮಾಡಿದವಳು. ನಾಯಕನು ಸದ್ವಂಶದ ಕ್ಷತ್ರಿಯನಾಗಿರಬೇಕೆಂಬ ಲಾಕ್ಷಣಿಕರ ವಿಧಿ ಇಲ್ಲಿ ಸಲ್ಲದು. ಆದರೆ ಕೆಲವು ಅಂಗಗಳು ಕೊರೆಯಾದರೂ ಇದ್ದುದು ಸಹೃದಯರನ್ನು ತಣಿಸಿದರೆ ಕಾವ್ಯಕ್ಕೆ ದೋಷವಿಲ್ಲವೆಂದು ದಂಡಿಯೇ ಒಪ್ಪಿದ್ದಾನೆ.

ಕಾವ್ಯದ ಮರ್ಮವಿರುವುದು ಹೆಸರುಗಳಲ್ಲಿ. ತೋಟದ ಒಡೆಯರು ದಾಸರಿಗೆ ಗ್ರೀಕ್, ರೋಮನ್ ವೀರರ ಹೆಸರುಗಳನ್ನಿಡುತ್ತಿದ್ದುದು ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಬಿಸಿಲಿನ ತಾಪದಿಂದ ಮೈಮರೆತ ಆಶೀಲನು ಸ್ವಪ್ನದಲ್ಲಿ ಕಡಲನ್ನು ದಾಟಿ ಆಫ್ರಿಕಕ್ಕೆ ಹೋಗಿ ಪೂರ್ವಜನಾದ ಅಫೊಲಾಬೆಯನ್ನು ಕಾಣುತ್ತಾನೆ. ತಂದೆಯ ಸ್ಥಾನದಲ್ಲಿ ನಿಂತ ಆತನು ‘ನಿನ್ನ ಹೆಸರಿನ ಅರ್ಥವೇನು?’ ಎಂದು ಕೇಳಲು, ಮಗನಿಗೆ ಉತ್ತರ ತಿಳಿಯದು. ಗೋತ್ರವನ್ನು ಕೇಳಿದಾಗ ಮೌನವಾದವನ ಸಂಕಟ ಅದು. ಯುದ್ಧಗಳು ಮುಗಿದು, 1838ರಲ್ಲಿ ದಾಸ್ಯ ಪೂರ್ಣವಾಗಿ ಕಳೆದು, ಆಳುವವರು ಹೊರಟುಹೋದ ಮೇಲೆಯೂ ಉಳಿದದ್ದು ಈ ಮೌನ.

ಫಿಲೊಕ್ಟೀಟನ ಗಾಯವೂ ಅಂಥದೇ. ತುಕ್ಕು ಹಿಡಿದ ಲಂಗರು ತಾಗಿ ಆತನ ಮೊಣಕಾಲ ಕೆಳಗಾದ ಹುಣ್ಣು ಮಾಯುವುದಿಲ್ಲ. ಅಜ್ಜಂದಿರ ಕಾಲಿಗೆ ಬಿಗಿದ ಸಂಕೋಲೆಯಿಂದಲೇ ಅದು ಬಂದಿತೆಂದು ಅವನ ನಂಬಿಕೆ. ಕೊನೆಗೆ ಅದನ್ನು ಗುಣಪಡಿಸುವವಳು ಮಾ ಕಿಲ್ಮನ್ ಎಂಬ ಅಂಗಡಿಯ ಮುದುಕಿ. ಅವಳ ಮದ್ದು, ಆಫ್ರಿಕದಿಂದ ಹಕ್ಕಿಯೊಂದು ತಂದ ಬೀಜದಿಂದ ಬೆಳೆದ ಮೂಲಿಕೆ. ಆದರೆ ಕಾವ್ಯದ ಮೊದಲಲ್ಲೇ ಅವನು ಆ ಕಲೆಯನ್ನು ಪ್ರವಾಸಿಗಳಿಗೆ ತೋರಿಸಿ ಕಾಸು ಪಡೆಯುತ್ತಾನೆ. ಹಳೆಯ ನೋವು ಹೊಸ ವ್ಯಾಪಾರದ ಸರಕಾಗುವುದನ್ನು ಕವಿಯು ಒಂದೇ ಚಿತ್ರದಲ್ಲಿ ತಂದಿಟ್ಟಿದ್ದಾನೆ.

ಇಷ್ಟರಿಂದಲೇ ಕೃತಿ ದೊಡ್ಡದಾಗಲಾರದು. ಕವಿಯು ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡಿರುವುದೇ ಅದರ ಹಿರಿಮೆ. ದ್ವೀಪದಲ್ಲಿ ನೆಲೆಸಿದ ಆಂಗ್ಲ ಮೇಜರ್ ಪ್ಲಂಕೆಟ್ಟನು ಹೆಲೆನಳಿಗೊಂದು ಚರಿತ್ರೆಯನ್ನು ಕಟ್ಟಿಕೊಡಲು ಹೊರಡುತ್ತಾನೆ. ಕವಿಯು ಹೋಮರನನ್ನು ಕರೆತರುತ್ತಾನೆ. ಇಬ್ಬರ ದೋಷವೂ ಒಂದೇ ಎಂದು ಕವಿಗೆ ಹೊಳೆಯುತ್ತದೆ: ಉಪಮೇಯವನ್ನು ಉಪಮಾನವು ನುಂಗಿತು. ಅಲ್ಲಿಂದ ಮುಂದೆ ಕಾವ್ಯವು ಅನನ್ವಯದ ಕಡೆಗೆ ತಿರುಗುತ್ತದೆ. ಹೆಲೆನಳಿಗೆ ಹೆಲೆನಳೇ ಸಾಟಿ; ಆ ಕಡಲಿಗೆ ಏಜಿಯನ್ ಸಮುದ್ರದ ಹಂಗು ಬೇಡ. ನೊಬೆಲ್ ಉಪನ್ಯಾಸದಲ್ಲಿಯೂ ವಾಲ್ಕಟ್ ಇಂಥ ತಪ್ಪೊಂದನ್ನು ಒಪ್ಪಿಕೊಂಡನು. ಟ್ರಿನಿಡಾಡಿನ ಫೆಲಿಸಿಟಿ ಗ್ರಾಮದಲ್ಲಿ ಭಾರತದಿಂದ ಹೋದ ಕೂಲಿಗಳ ಸಂತತಿಯವರು ಆಡುವ ರಾಮಲೀಲೆಯನ್ನು ತಾನು ಮೊದಲು ನಾಟಕವೆಂದೂ, ಕಳೆದುಹೋದುದರ ಅವಶೇಷವೆಂದೂ ಬಗೆದೆನೆಂದು ಹೇಳಿದನು. ಆಡುವ ಹುಡುಗರಿಗಾದರೋ ಅದು ಭಕ್ತಿ, ಉತ್ಸವ.

ದೋಷಗಳಿಲ್ಲವೆಂದಲ್ಲ. ಎಲ್ಲರೂ ಹೆಲೆನಳನ್ನು ನೋಡುತ್ತಾರೆ. ಅವಳ ಮಾತು ಕೇಳಿಬರುವುದು ವಿರಳ. ಹೋಮರನನ್ನು ಬಿಡಬೇಕೆಂಬ ಅರಿವು ಬರುವ ಹೊತ್ತಿಗೆ ಕಾವ್ಯದ ಬಹುಭಾಗ ಅವನ ಆಶ್ರಯದಲ್ಲೇ ನಡೆದುಹೋಗಿರುತ್ತದೆ. ಬೆಸ್ತರ ಮನೆಮಾತು ಫ್ರೆಂಚ್ ಮೂಲದ ಕ್ವೆಯೋಲ್. ಕಾವ್ಯದ ಭಾಷೆ ಆಂಗ್ಲ. ಅವರ ನುಡಿ ಅಲ್ಲಲ್ಲಿ ಮಿಂಚಿದರೂ ಬೆನ್ನಿಗೇ ಆಂಗ್ಲ ಭಾಷಾಂತರ ಬರುತ್ತದೆ. ಉಪಾಧ್ಯಾಯಿನಿಯ ಮಗನಾಗಿ ಆಂಗ್ಲವಾಡುವ ಮನೆಯಲ್ಲಿ ಬೆಳೆದ ಕವಿಗೆ ಈ ಒಡಕು ತನ್ನೊಳಗಿನದೇ ಆಗಿತ್ತು. ಅವನು ಅದನ್ನು ಮರೆಮಾಚಲಿಲ್ಲ.

ಕ್ಯಾಸ್ಟ್ರೀಸ್ ನಗರದ ಕೊಲಂಬಸ್ ಚೌಕಕ್ಕೆ 1993ರಲ್ಲಿ ವಾಲ್ಕಟನ ಹೆಸರನ್ನಿಟ್ಟರು. ನಗರದ ಹೆಸರು ಮಾತ್ರ ಹದಿನೆಂಟನೆಯ ಶತಮಾನದ ಫ್ರೆಂಚ್ ನೌಕಾಮಂತ್ರಿಯೊಬ್ಬನದಾಗಿಯೇ ಉಳಿದಿದೆ. ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಹೊತ್ತುಕೊಂಡೇ ಬಾಳಬೇಕು ಎಂಬುದನ್ನು ಸಮಾಧಾನದಿಂದ ಆಲೋಚಿಸಬಯಸುವವರು ‘ಓಮೆರೋಸ್’ ಕಾವ್ಯವನ್ನು ಅವಶ್ಯವಾಗಿ ಓದತಕ್ಕದ್ದು.