ಆನೆಗೆ ಮೂರು ಚೌಕ

"ದೀಪಕ್ಕೆ ಹೇಳಬಾರದ ಸಂಖ್ಯೆ, ಎರಡಕ್ಷರ." ಭಾನುವಾರ ಸಂಜೆ ಮಂಗಳೂರಿನ ದೇರೆಬೈಲಿನ ನಮ್ಮ ಮನೆಯ ಸಿಟೌಟಿನಲ್ಲಿ ಐದು ಜನ ಈ ಒಂದು ಸುಳಿವಿನ ಮುಂದೆ ಕಾಲು ಗಂಟೆ ಕೂತಿದ್ದೆವು. ತಟ್ಟೆಯ ಗೋಳಿಬಜೆ ಆರಿಹೋಗಿತ್ತು. ಕೊನೆಗೆ ಬಿಡಿಸಿದವಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಂಜಿನಿಯರಿಂಗ್ ಓದುವ ಹುಡುಗಿ. ಒಂದರಿಂದ ಬೆರಳು ಮಡಚುತ್ತ ಬಂದವಳು ಆರಕ್ಕೆ ತಲುಪಿದಾಗ ಕೈ ಹಾಗೆಯೇ ನಿಂತಿತು. "ಆರು! ದೀಪಕ್ಕೆ ಆರು ಅಂತ ಹೇಳ್ಬಾರ್ದಲ್ಲ?" ಎಂದಳು.

ಆ ಉತ್ತರದ ಮೇಲೆ ಚರ್ಚೆಯೇ ಇರಲಿಲ್ಲ. ಯಾರೂ ನಿಘಂಟು ತೆರೆಯಲಿಲ್ಲ. 'ಆರು' ಎಂಬುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ. ದೀಪವನ್ನು 'ಆರಿಸು' ಎನ್ನದೆ 'ಶಾಂತ ಮಾಡು' ಎನ್ನುವ ಮನೆಗಳ ನಡವಳಿಕೆ ಎಲ್ಲರೂ ಕೇಳಿ ಬಲ್ಲದ್ದು. ಕನ್ನಡದಲ್ಲಿ ಸಂಖ್ಯೆಯೇ ಕ್ರಿಯಾಪದವೂ ಆಗುತ್ತದೆ: ಆರು, ಏಳು, ಹತ್ತು. ಸುಳಿವು ಕಟ್ಟಿದವರು ಈ ಮೂರು ತಿಳಿದ ಸಂಗತಿಗಳನ್ನು ನಾವು ಎಂದೂ ನೋಡಿರದ ಕೋನದಲ್ಲಿ ಜೋಡಿಸಿದ್ದರು. ಅಷ್ಟೇ, ಐದು ಜನ ಕಾಲು ಗಂಟೆ ಒದ್ದಾಡಿದೆವು.

ಅದಕ್ಕಿಂತ ಹಿಂದಿನ ವಾರ ಒಂದು ಪುರವಣಿಯ ಪದಬಂಧದಲ್ಲಿ ಇನ್ನೊಂದು ಬಗೆಯ ಸುಳಿವು ಇತ್ತು: "ಆನೆ, ಮೂರಕ್ಷರ." ಕುಂಜರ, ಮಾತಂಗ, ವಾರಣ, ದ್ವಿರದ, ಸಿಂಧುರ, ಐದೂ ಆನೆಗಳೇ, ಐದಕ್ಕೂ ಮೂರೇ ಅಕ್ಷರ. ಅಡ್ಡ ಹಾಯುವ ಪದ ಒಂದೇ ಒಂದು ಇತ್ತು. ಅದರಿಂದ ಕೊನೆಯ ಅಕ್ಷರ 'ರ' ಎಂದು ಗೊತ್ತಾದ ಮೇಲೂ ಕುಂಜರ, ಸಿಂಧುರ ಎರಡು ಉಳಿದವು. ಎಲ್ಲರೂ ಕುಂಜರ ಬರೆದೆವು. ಮರುವಾರದ ಉತ್ತರದಲ್ಲಿ ಸಿಂಧುರ ಇತ್ತು. ನಾವು ಸೋತೆವು ಎಂದು ಯಾರಿಗೂ ಅನಿಸಲಿಲ್ಲ. ಗೆಲ್ಲುವ ದಾರಿಯೇ ಆ ಸುಳಿವಿನಲ್ಲಿ ಇರಲಿಲ್ಲ.

ಕನ್ನಡದ ವಾರಾಂತ್ಯದ ಪದಬಂಧವನ್ನು ತೂಗಲು ಈ ಎರಡು ಸುಳಿವುಗಳು ಸಾಕು. ಕಷ್ಟ ಬೇರೆ, ಕ್ಲಿಷ್ಟ ಬೇರೆ. ಒಳ್ಳೆಯ ಪದಬಂಧ ಕಷ್ಟವಾಗಿರಬೇಕು, ಕ್ಲಿಷ್ಟವಾಗಿರಬಾರದು. ನಮ್ಮಲ್ಲಿ ಅಚ್ಚಾಗುವ ಬಹುಪಾಲು ಪದಬಂಧಗಳು ಎರಡನೆಯದನ್ನು ಮೊದಲನೆಯದೆಂದು ತಿಳಿದಿವೆ.

ಈ ಆಟದ ಹುಟ್ಟು ಹೊರಗಿನದು. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬುವರ ವಜ್ರಾಕಾರದ ಪದಬಂಧ ಅಚ್ಚಾಯಿತು. ಅಲ್ಲಿ ಸುಳಿವು ಎಂದರೆ ಬರೀ ಅರ್ಥ. ಇಂಗ್ಲೆಂಡಿಗೆ ಹೋದ ಮೇಲೆ ಅದು ಒಗಟಾಯಿತು. 1926ರಿಂದ 'ಅಬ್ಸರ್ವರ್' ಪತ್ರಿಕೆಗೆ ಟಾರ್ಕಿಮಾಡ ಎಂಬ ಗುಪ್ತನಾಮದಲ್ಲಿ ಬರೆದವರು ಸುಳಿವಿಗೆ ಎರಡು ಮುಖ ಕೊಟ್ಟರು. ಅವರ ನಂತರ ಬಂದ ಕ್ಸಿಮೆನೀಸ್ 1966ರಲ್ಲಿ ಒಂದು ಪುಸ್ತಕವನ್ನೇ ಬರೆದು ನ್ಯಾಯದ ನಿಯಮ ಹಾಕಿದರು: ಸುಳಿವಿನಲ್ಲಿ ಉತ್ತರದ ನೇರ ಅರ್ಥ ಇರಬೇಕು, ಅದನ್ನು ಕಟ್ಟುವ ಪದಚಮತ್ಕಾರ ಇರಬೇಕು, ಮೂರನೆಯದು ಏನೂ ಇರಬಾರದು. ನಮ್ಮ ದೇಶದಲ್ಲಿ 'ದಿ ಹಿಂದೂ' 1971ರಿಂದ ಈ ಬಗೆಯ ಪದಬಂಧವನ್ನು ಓದುಗರಿಗೆ ರೂಢಿ ಮಾಡಿಸಿತು. ಕನ್ನಡದಲ್ಲಿ ಪದಬಂಧವನ್ನು ದಿನನಿತ್ಯದ ಅಭ್ಯಾಸವಾಗಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಕೋಲಾರದ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಅವರದು. 30,000ಕ್ಕೂ ಹೆಚ್ಚು ಪದಬಂಧ ಒಬ್ಬರ ಕೈಯಿಂದ ಬಂದಿರುವುದು ಯಾವ ಭಾಷೆಗೂ ಹೆಮ್ಮೆಯ ವಿಷಯ. ಬೆಳಗಿನ ಕಾಫಿಯ ಜೊತೆ ಪೆನ್ಸಿಲ್ ಹಿಡಿದು ಕನ್ನಡ ಪದಗಳನ್ನು ಹುಡುಕುವ ಒಂದು ಓದುಗ ಬಳಗ ಬೆಳೆದದ್ದು ಇಂಥ ದುಡಿಮೆಯಿಂದ. ಆ ಬಳಗ ಈಗ ದೊಡ್ಡದಾಗಿದೆ, ಹಳತೂ ಆಗಿದೆ. ಆದ್ದರಿಂದಲೇ ಮುಂದಿನ ಹೆಜ್ಜೆಯನ್ನು ಕೇಳುವ ಹಕ್ಕು ಅದಕ್ಕಿದೆ.

ಕನ್ನಡದ ಚೌಕದಲ್ಲಿ ಕೂರುವುದು ಬಿಡಿ ವರ್ಣವಲ್ಲ, ಇಡೀ ಅಕ್ಷರ. ಇಂಗ್ಲಿಷಿನವರಿಗೆ ಇರುವುದು 26 ಲಿಪಿಚಿಹ್ನೆಗಳು. ನಮಗೆ 34 ವ್ಯಂಜನ, 13 ಸ್ವರ; ಕಾಗುಣಿತ ಮಾತ್ರ ಲೆಕ್ಕ ಹಾಕಿದರೂ 442 ರೂಪಗಳು. ಅದರ ಮೇಲೆ ಸೊನ್ನೆ, ಒತ್ತಕ್ಷರ. 'ಸ್ವಾತಂತ್ರ್ಯ' ಮೂರೇ ಚೌಕದಲ್ಲಿ ಮುಗಿಯುತ್ತದೆ, ಆದರೆ 'ತ್ರ್ಯ' ಇರುವ ಇನ್ನೊಂದು ಪದ ಅದನ್ನು ಹಾಯಬೇಕೆಂದರೆ ರಚನೆಕಾರ ರಾತ್ರಿಯೆಲ್ಲ ಕೂರಬೇಕು. ಹಾಗಾಗಿ ಕನ್ನಡದ ಪದಬಂಧದಲ್ಲಿ ಕಪ್ಪು ಚೌಕ ಹೆಚ್ಚು, ಪದಗಳು ಪರಸ್ಪರ ಹಾಯುವುದು ಕಡಿಮೆ. ಒಂದು ಪದ ಗೊತ್ತಾಗದಿದ್ದರೆ ಪಕ್ಕದ ಪದ ಕೈಹಿಡಿದು ದಾಟಿಸುವುದಿಲ್ಲ. ಇದು ರಚನೆಕಾರನ ತಪ್ಪಲ್ಲ, ಲಿಪಿಯ ಸ್ವಭಾವ. ಆದರೆ ಚೌಕ ಕೊಡದ ಆಸರೆಯನ್ನು ಸುಳಿವು ಕೊಡಬೇಕು ಎಂಬ ಜವಾಬ್ದಾರಿ ಇದರಿಂದಲೇ ಹುಟ್ಟುತ್ತದೆ. "ಆನೆ, ಮೂರಕ್ಷರ" ಆ ಜವಾಬ್ದಾರಿಯನ್ನು ಕೈಬಿಟ್ಟ ಸುಳಿವು.

ಅದೇ ಅಕ್ಷರ ನಮಗೆ ಕೊಡುವ ವರವೂ ದೊಡ್ಡದು. 'ನದಿ'ಯನ್ನು ತಿರುಗಿಸಿ, 'ದಿನ' ಬರುತ್ತದೆ. "ಹಿಂದಕ್ಕೆ ಹರಿದ ನದಿಗೆ ಇಪ್ಪತ್ತನಾಲ್ಕು ಗಂಟೆ" ಎಂದರೆ ಸುಳಿವು ಮುಗಿಯಿತು. ಸ್ವರಚಿಹ್ನೆ ತನ್ನ ವ್ಯಂಜನವನ್ನು ಬಿಟ್ಟು ಹೋಗದೇ ಇರುವುದರಿಂದ ತಿರುಗಿಸಿದ ಪದವನ್ನು ಕಿವಿ ಕೂಡಲೇ ಗುರುತಿಸುತ್ತದೆ. 'ಮರಾ ಮರಾ' ಎಂದು ಜಪಿಸುತ್ತ ಹೋದ ಬೇಡನ ಬಾಯಲ್ಲಿ 'ರಾಮ' ಬಂದ ಕಥೆಯನ್ನು ಅಜ್ಜಿಯಿಂದ ಕೇಳಿದ ಮಗುವಿಗೆ ಈ ವಿದ್ಯೆ ಆಗಲೇ ತಿಳಿದಿದೆ. 'ವಿಕಟಕವಿ'ಯನ್ನು ಎರಡೂ ಕಡೆಯಿಂದ ಓದಿ ನಕ್ಕವರಿಗೂ ತಿಳಿದಿದೆ. ಅವಧಾನದ ಸಭೆಯಲ್ಲಿ ಪೃಚ್ಛಕರೊಬ್ಬರು ಇಂತಿಂಥ ಸ್ಥಾನದಲ್ಲಿ ಇಂತಿಂಥ ಅಕ್ಷರವೇ ಬರಬೇಕೆಂದು ಕಟ್ಟುಹಾಕುವ ನ್ಯಸ್ತಾಕ್ಷರಿ ಇದೆಯಲ್ಲ, ಪದಬಂಧದ ಹಾಯುವ ಚೌಕವೂ ಮಾಡುವುದು ಅದನ್ನೇ. ಒಗಟು, ಶ್ಲೇಷೆ, ಬಂಧ, ಅವಧಾನ ಎಲ್ಲ ಇರುವ ಭಾಷೆಯ ಪದಬಂಧ ಸಮಾನಾರ್ಥಕ ಪದಗಳ ಪಟ್ಟಿಯಲ್ಲೇ ನಿಂತುಬಿಡುವುದು ನನಗೆ ನೋವಿನ ವಿಷಯ.

ಗುಣದೋಷ ಅಳೆಯಲು ಹೊರಗಿನ ಅಳತೆಗೋಲೂ ನಮಗೆ ಬೇಕಿಲ್ಲ. ಹನ್ನೊಂದನೇ ಶತಮಾನದ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಹೇಳಿದ ಪದದೋಷಗಳಲ್ಲಿ ಮೂರು ಪದಬಂಧಕ್ಕೆಂದೇ ಬರೆದಂತಿವೆ.

ಮೊದಲನೆಯದು ಅಪ್ರಯುಕ್ತ: ನಿಘಂಟಿನಲ್ಲಿ ಉಂಟು, ಬಳಕೆಯಲ್ಲಿ ಇಲ್ಲ. ಆನೆಯ ಸುಳಿವಿಗೆ ಸಿಂಧುರವನ್ನು ಉತ್ತರ ಮಾಡಿದ್ದು ಇದೇ ದೋಷ. ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಊರಿನಲ್ಲಿ ಅಪ್ರಯುಕ್ತದ ಗಡಿ ಸ್ವಲ್ಪ ದೂರದಲ್ಲಿದೆ. ನಮ್ಮ ಬಳಗದ ಮಾಸ್ಟ್ರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅವರಿಗೆ ಆನೆಯ ಐದು ಹೆಸರೂ ಪ್ರಸಂಗದ ಪದ್ಯಗಳಿಂದಲೇ ಬಂದವು. ಟೀಚರ್ ಅವರ ಮನೆಮಾತು ಕೊಂಕಣಿ, ಹುಡುಗಿಯದು ಬ್ಯಾರಿ, ನನ್ನದು ತುಳು. ಕನ್ನಡವನ್ನು ನಾವು ಕಲಿತದ್ದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದ ರಂಗಸ್ಥಳದ ಮುಂದೆ. ಹಾಗಾಗಿ ಪುಸ್ತಕದ ಪದಗಳು ನಮಗೆ ಹತ್ತಿರ. ನಾವೇ ಎಡವಿದ ಪದದಲ್ಲಿ ಬೇರೆ ಊರಿನ ಓದುಗ ಏನು ಮಾಡಿಯಾನು?

ಎರಡನೆಯದು ಸಂದಿಗ್ಧ. "ಯಾವಾಗಲೂ ತಿರುಗುವ ಸೇವಕ, ಎರಡಕ್ಷರ." 'ದಾಸ' ತಿರುಗಿದರೆ 'ಸದಾ', 'ಸದಾ' ತಿರುಗಿದರೆ 'ದಾಸ'. ಅರ್ಥ ಯಾವ ತುದಿಯಲ್ಲಿದೆ ಎಂದು ಸುಳಿವು ಹೇಳುವುದಿಲ್ಲ. ಈ ಸುಳಿವು ನಾನೇ ಕಟ್ಟಿದ್ದು, ಮೂವರು ಒಂದು ಬರೆದರು, ಒಬ್ಬರು ಇನ್ನೊಂದು ಬರೆದರು. "ಹಿಂದಿರುಗಿದ ಸೇವಕ ಯಾವಾಗಲೂ" ಎಂದು ತಿದ್ದಿದ ಮೇಲೆ ಉತ್ತರ 'ಸದಾ' ಒಂದೇ ಉಳಿಯಿತು. ಒಂದು ಪದದ ಸ್ಥಾನ ಬದಲಿಸಿದರೆ ಅನ್ಯಾಯದ ಸುಳಿವು ನ್ಯಾಯದ್ದಾಗುತ್ತದೆ. ರಚನೆಕಾರನ ಕಸುಬು ಇರುವುದು ಈ ತಿದ್ದುವಿಕೆಯಲ್ಲಿ.

ಮೂರನೆಯದು ಚ್ಯುತಸಂಸ್ಕೃತಿ, ಎಂದರೆ ಶುದ್ಧಿ ತಪ್ಪುವುದು. "ಸೀತೆಯ ತಂದೆ ಹಿಂದಿರುಗಿದರೆ ಭತ್ತ ತುಂಬಿಡಬಹುದು" ಎಂದು ಮಾಸ್ಟ್ರು ಒಮ್ಮೆ ಬಹಳ ಪ್ರೀತಿಯಿಂದ ಕಟ್ಟಿ ತಂದರು. ಟೀಚರ್ ತಲೆ ಅಲ್ಲಾಡಿಸಿದರು. "ಅದು ಹೇಗೆ ಆಗ್ತದೆ ಮಾಸ್ಟ್ರೇ? ಜನಕ ತಿರುಗಿದ್ರೆ ಕನಜ. ಭತ್ತ ತುಂಬುವುದು ಕಣಜಕ್ಕೆ. ಅದು ಣ." ಮಾಸ್ಟ್ರು ಆ ಕ್ಷಣವೇ ಸುಳಿವಿನ ಮೇಲೆ ಗೆರೆ ಎಳೆದರು. ನ-ಣ, ಲ-ಳ, ಅಲ್ಪಪ್ರಾಣ-ಮಹಾಪ್ರಾಣ ಇವುಗಳಲ್ಲಿ ರಿಯಾಯಿತಿ ಕೇಳುವ ಪದಬಂಧ ತನ್ನ ಚೌಕವನ್ನು ತಾನೇ ಅಳಿಸಿಕೊಂಡಂತೆ.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳೂ ಉಂಟು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ದೇರೆಬೈಲು ಎಂದು ಬರೆದರೆ ನಾಲ್ಕು ಚೌಕ. ಬೋರ್ಡಿನಲ್ಲಿ ಇರುವಂತೆ ದೇರೆಬೈಲ್ ಎಂದು ಬರೆದರೆ ಕೊನೆಯ 'ಲ್'ಗೆ ಸ್ವಂತ ಚೌಕ ಇದೆಯೋ ಇಲ್ಲವೋ? ಬಸ್, ಬ್ಯಾಂಕ್, ಪೆನ್ ಎಲ್ಲಕ್ಕೂ ಇದೇ ಪ್ರಶ್ನೆ. ಅರ್ಧಾಕ್ಷರಕ್ಕೂ ಒಂದು ಚೌಕ ಕೊಡಬೇಕು, ಆದರೆ ಆ ಚೌಕವನ್ನು ಬೇರೆ ಪದ ಹಾಯದಂತೆ ಇಡಬೇಕು ಎಂಬುದು ನಮ್ಮ ಬಳಗದ ರೂಢಿ. ಇದೇ ಸರಿ ಎಂದು ನಾನು ಹಟ ಹಿಡಿಯುವುದಿಲ್ಲ. ಯಾವ ನಿಯಮ ಪಾಲಿಸುತ್ತೇವೆಂದು ಪತ್ರಿಕೆ ಒಂದು ಸಾಲು ಅಚ್ಚು ಹಾಕಿದರೆ ಸಾಕು.

ಪದಬಂಧವನ್ನು ಒಬ್ಬರೇ ಬಿಡಿಸಬಹುದು, ಕಠಿಣವಾದದ್ದನ್ನು ಒಟ್ಟಿಗೆ ಬಿಡಿಸಬೇಕು ಎಂಬುದು ನನ್ನ ಅನುಭವ. "ಎತ್ತುಗಳ ಹುಣ್ಣಿಮೆಗೆ ಏಳು ದಿನ ಸೇರಿದರೆ ಕಡಲತೀರದ ಊರು, ನಾಲ್ಕಕ್ಷರ." ಕರಾವಳಿಯ ನಾವು ನಾಲ್ವರೂ ದೀಪಾವಳಿಯ ಗೋಪೂಜೆಯ ಸುತ್ತ ಸುತ್ತುತ್ತಿದ್ದೆವು. ಕೆಲಸಕ್ಕೆಂದು ಇಲ್ಲಿಗೆ ಬಂದಿರುವ ಧಾರವಾಡದವರು ಒಂದೇ ಮಾತಿನಲ್ಲಿ ಮುಗಿಸಿದರು: "ಕಾರಹುಣ್ಣಿಮಿ ಅಲ್ಲೇನ್ರಿ? ಕಾರ, ವಾರ." ಕಾರವಾರ! ಊರು ನಮ್ಮ ಕಡಲಿನದು, ಕೀಲಿಕೈ ಅವರ ಬಯಲುಸೀಮೆಯದು. ಒಬ್ಬರಿಗೆ ತಿಳಿದದ್ದು ಐವರಿಗೂ ತಿಳಿಯುವ ಆ ಕ್ಷಣಕ್ಕಾಗಿಯೇ ನಾವು ಭಾನುವಾರ ಸೇರುತ್ತೇವೆ. ಫೋನು ಮುಟ್ಟಬಾರದು, ಉತ್ತರ ಹೊಳೆದವರು ಕಾರಣವನ್ನೂ ಹೇಳಬೇಕು, ಐವರೂ ಒಪ್ಪಿದ ಮೇಲೆಯೇ ಅಕ್ಷರ ತುಂಬಬೇಕು. ಈ ಮೂರು ನಿಯಮ ಇರುವಲ್ಲಿ ಕ್ಲಿಷ್ಟ ಸುಳಿವು ಬಾಳುವುದಿಲ್ಲ, ಏಕೆಂದರೆ ಅದಕ್ಕೆ ಹೇಳಲು ಕಾರಣವೇ ಇರುವುದಿಲ್ಲ. ಗುಂಪಿನಲ್ಲಿ ಬಿಡಿಸುವ ಅಭ್ಯಾಸವೇ ಪದಬಂಧಕ್ಕೆ ಅತ್ಯುತ್ತಮ ವಿಮರ್ಶೆ ಎಂದು ನಾನು ನಂಬುವುದು ಇದಕ್ಕೇ.

ಆನೆಯ ಪ್ರಸಂಗಕ್ಕೆ ಮರಳುತ್ತೇನೆ. ಸಿಂಧುರದಲ್ಲಿ ಎಡವಿದ ಮುಂದಿನ ತಿಂಗಳು ಪದಬಂಧ ಕಟ್ಟುವ ಸರದಿ ಮಾಸ್ಟ್ರದು. ಆ ಹಾಳೆಯಲ್ಲೂ ಆನೆ ಇತ್ತು, ಮೂರೇ ಚೌಕ ಇತ್ತು. ಸುಳಿವು ಹೀಗಿತ್ತು: "ನುಡಿಗೆ ಅವಯವ ಕೂಡಿದರೆ ಆನೆ." ಹುಡುಗಿ ತುಸು ಹೊತ್ತು ಹಾಳೆ ನೋಡಿದಳು. ನುಡಿ ಎಂದರೆ ಮಾತು, ಅವಯವ ಎಂದರೆ ಅಂಗ. ಮಾತು, ಅಂಗ, ಲೋಪಸಂಧಿ. "ಮಾತಂಗ ಅಂತ ಒಂದು ಪದ ಉಂಟಾ ಮಾಸ್ಟ್ರೇ?" ಎಂದು ಕೇಳಿದಳು. ಮಾಸ್ಟ್ರು ಉತ್ತರ ಹೇಳದೆ ಕಿಟೆಲ್ ನಿಘಂಟನ್ನು ಅವಳ ಕಡೆ ಸರಿಸಿದರು. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ನಿಘಂಟು ಅದು. ಅವಳು ಪುಟ ತಿರುವಿ ಪದದ ಮೇಲೆ ಬೆರಳಿಟ್ಟಳು.

ಎಂದೂ ಕೇಳಿರದ ಪದವನ್ನು ತನಗೆ ಗೊತ್ತಿದ್ದ ಎರಡು ಪದಗಳಿಂದ ಅವಳು ಕಟ್ಟಿದ್ದಳು. ನಿಘಂಟು ಅಲ್ಲಿ ಸಾಕ್ಷಿ ಹೇಳಿತು, ಉತ್ತರ ಹೇಳಲಿಲ್ಲ. ಸಂಧಿ ನಮ್ಮ ವ್ಯಾಕರಣದ್ದು, ಶ್ಲೇಷೆ ನಮ್ಮ ಕಾವ್ಯದ್ದು, ಪದ ನಮ್ಮ ಪ್ರಸಂಗಗಳದ್ದು. ಕನ್ನಡದ ಕಠಿಣ ಪದಬಂಧ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ನಾಲ್ಕು ಪದಗಳ ಸುಳಿವನ್ನು.

ಪುರವಣಿಗಳ ಸಂಪಾದಕರಲ್ಲಿ ನನ್ನ ಕೋರಿಕೆ ಮೂರು. ವಾರದ ಆರು ದಿನ ಸಮಾನಾರ್ಥಕಗಳ ಪದಬಂಧವೇ ಇರಲಿ, ಅದಕ್ಕೂ ಪ್ರೀತಿಯ ಓದುಗರಿದ್ದಾರೆ. ಭಾನುವಾರ ಮಾತ್ರ ಅರ್ಥ ಮತ್ತು ಪದಚಮತ್ಕಾರ ಎರಡೂ ಇರುವ ಸುಳಿವುಗಳ ಒಂದು ಪದಬಂಧ ಕೊಡಿ. ಅದರ ಕೆಳಗೆ ರಚಿಸಿದವರ ಹೆಸರು ಹಾಕಿ. ಕವಿತೆಗೆ ಹೆಸರು ಹಾಕುವಾಗ ಇದಕ್ಕೂ ಹಾಕಬೇಕು. ಮರುವಾರ ಉತ್ತರದ ಜೊತೆ ಅದು ಹೇಗೆ ಬಂತೆಂದು ಒಂದೊಂದು ಸಾಲು ವಿವರಿಸಿ. ಓದುಗರಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಭಾನುವಾರ ಪದಬಂಧದ ಪುಟವನ್ನು ನಾಲ್ಕು ಝೆರಾಕ್ಸ್ ಮಾಡಿಸಿ, ನೆರೆಮನೆಯವರನ್ನು ಚಹಾಕ್ಕೆ ಕರೆಯಿರಿ.