ಲಾಗೋಸಿನ ಸಾರು, ಉಪ್ಪುಂದದ ಒಲೆ

ಹೋದ ವಾರ ಕೊನೆಯ ಸಾಲಿನಲ್ಲಿ ಒಂದು ಮಾತು ಕೊಟ್ಟು ಸಿಕ್ಕಿಬಿದ್ದೆ. ಲಾಗೋಸಿನಲ್ಲಿರುವ ಅಕ್ಕನ ಮಗ ಹೇಳಿಕೊಟ್ಟ ನೈಜೀರಿಯಾದ ಮಾಂಸದ ಸಾರನ್ನು ಉಪ್ಪುಂದದ ನಮ್ಮ ಒಲೆಯ ಮೇಲೆ ಮಾಡಿ, ಹೇಗಾಯಿತು ಅಂತ ಬರೆಯುತ್ತೇನೆ ಅಂದಿದ್ದೆ. ಮಾಡಿದ್ದು ಹೌದು. ಪತ್ರಿಕೆಯವರು ಬರಹ ಕೇಳಿದ್ದು ಬುಧವಾರ ಮಧ್ಯಾಹ್ನಕ್ಕೆ, ನಾನು ಬರೆಯಲು ಕೂತದ್ದು ಬುಧವಾರ ರಾತ್ರಿ. ಮಾತು ಹಾದಿ ಬಿಟ್ಟು ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈಗ ಆಸಾಡಿ ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ಕಡಲು ಬಿಟ್ಟರೆ ಹೋದಾರು, ಇಲ್ಲವಾದರೆ ಇಲ್ಲ. ಬಂಗುಡೆ ಸಿಗದ ಎರಡು ತಿಂಗಳು ನಮ್ಮೂರಲ್ಲಿ ಕೋಳಿಗೆ ರಾಜಮರ್ಯಾದೆ. ಹಾಗಾಗಿ ಅಲ್ಲಿಯವರು ಹೆಚ್ಚಾಗಿ ದನದ್ದೋ ಆಡಿನದ್ದೋ ಮಾಂಸದಲ್ಲಿ ಮಾಡುವುದನ್ನು ನಾನು ಊರುಕೋಳಿಯಲ್ಲಿ ಮಾಡಿದೆ. ಅಳಿಯ ಒಪ್ಪಿದ. ಅಲ್ಲಿಯೂ ಫಾರಂ ಕೋಳಿಗೆ ‘ಅಗ್ರಿಕ್’ ಅಂತ ಹೆಸರಿಟ್ಟು ಮೂಗು ಮುರಿಯುತ್ತಾರಂತೆ, ಮೊಟ್ಟೆ ಇಟ್ಟು ಮುಗಿಸಿದ ಗಟ್ಟಿ ಹೇಂಟೆಗೇ ಬೆಲೆಯಂತೆ. ಇಷ್ಟು ಕೇಳಿದ ಮೇಲೆ ಆ ದೇಶದ ಬಗ್ಗೆ ನನಗಿದ್ದ ಅರ್ಧ ಅನುಮಾನ ಹೋಯಿತು.

ಕ್ರಮ ಇಷ್ಟೆ. ಮಾಂಸವನ್ನು ನೀರುಳ್ಳಿ, ಥೈಮ್ ಸೊಪ್ಪು, ಕರಿ ಪೌಡರ್ ಹಾಕಿ ಮೊದಲೇ ಬೇಯಿಸಿ, ಆ ನೀರನ್ನು ತೆಗೆದಿಟ್ಟು, ತುಂಡುಗಳನ್ನು ಎಣ್ಣೆಯಲ್ಲಿ ಕೆಂಪಗೆ ಮಾಡಬೇಕು. ಕರಿ ಪೌಡರ್ ಅಂದರೆ ನಮ್ಮ ಯಾವ ಮನೆಯಲ್ಲೂ ಇಲ್ಲದ ಆ ಹಳದಿ ಪುಡಿ. ಇಂಗ್ಲಿಷರು ಇಲ್ಲಿಯ ರುಚಿಯ ನೆನಪಿಗೆ ಡಬ್ಬಿಯಲ್ಲಿ ತುಂಬಿಕೊಂಡದ್ದು ಅವರ ಜೊತೆಗೇ ಆಫ್ರಿಕಕ್ಕೆ ಹೋಗಿ ಅಲ್ಲಿ ಮನೆಮಗಳಾಗಿದೆ. ಉಪ್ಪುಂದದ ಅಂಗಡಿಯಲ್ಲಿ ಕೇಳಿದರೆ ನನ್ನ ಮುಖ ನೋಡಿದರು. ಥೈಮ್ ಕೇಳುವ ಧೈರ್ಯ ಮಾಡಲಿಲ್ಲ. ಆಮೇಲೆ ಟೊಮೆಟೊ, ಕೆಂಪು ದೊಣ್ಣೆಮೆಣಸು, ರೋಡೊ ಅನ್ನುವ ಉರಿಮೆಣಸು (ನಾನು ಹಿತ್ತಲಿನ ಗಾಂಧಾರಿ ಹಾಕಿದೆ), ನೀರುಳ್ಳಿ, ಎಲ್ಲ ಒಟ್ಟಿಗೆ ರುಬ್ಬಿ, ನೀರು ಆರುವ ತನಕ ಕುದಿಸಿ, ಕೈತುಂಬ ಎಣ್ಣೆ ಹೊಯ್ದು ಬಾಡಿಸುವುದು. ಯೊರುಬಾ ಮಾತಿನವರು ಇದನ್ನು ಒಬೆ ಅಟಾ ಅನ್ನುತ್ತಾರೆ.

ಟೊಮೆಟೊ! ಕೋಳಿ ಸಾರಿಗೆ ಟೊಮೆಟೊ ಹಾಕುವವರ ಮೇಲೆ ಈ ಅಂಕಣ ನಡೆಸಿಕೊಂಡು ಬಂದ ಯುದ್ಧ ಹಳೆಯ ಓದುಗರಿಗೆ ಗೊತ್ತು. ಈಗ ನನ್ನ ಕೈಯಲ್ಲೇ ಒಂದು ಕಿಲೋ. ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ನಿಂತು, “ಹ್ವಾಯ್, ಇದನ್ನೂ ಬರೀರಿ ಮತ್ತೆ” ಅಂದಳು. ಬರೆಯುತ್ತಿದ್ದೇನೆ.

ಮುಕ್ಕಾಲು ಗಂಟೆ ಕೈಯಾಡಿಸಿದೆ. ಮೊದಲ ಇಪ್ಪತ್ತು ನಿಮಿಷ ಅದು ನಾನು ಹಗೆ ಸಾಧಿಸಿದ ಅದೇ ಹುಳಿ ಕೆಂಪು ನೀರು. ಆಮೇಲೆ ಬಣ್ಣ ಕಂದಿತು, ಸೌಟು ಎಳೆದರೆ ತಳ ಕಾಣುವಷ್ಟು ಗಟ್ಟಿಯಾಯಿತು, ಅಂಚಿನಲ್ಲಿ ಎಣ್ಣೆ ಬಿಟ್ಟಿತು. “ನೀರ್ ಹಾಕ್ಬೇಡಿ ಮಾವ, ಇನ್ನೂ ಹತ್ತು ನಿಮಿಷ” ಅಂತ ಫೋನಿನಲ್ಲಿ ಅಳಿಯ. “ಹಸಿ ಹೋಯ್ತಾ?” ಅಂತ ಚಾವಡಿಯಿಂದ ಅಮ್ಮ. ಇಬ್ಬರೂ ಕೇಳುತ್ತಿದ್ದದ್ದು ಒಂದನ್ನೇ. ಟೊಮೆಟೊ ನನ್ನ ಶತ್ರು ಅಲ್ಲ ಅಂತ ಅರವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಎರಡು ಹಣ್ಣು ಹೆಚ್ಚಿಹಾಕಿ ಐದು ನಿಮಿಷದಲ್ಲಿ ಮುಚ್ಚಳ ಹಾಕುವವರ ಅವಸರ ಶತ್ರು. ತೆಗೆದಿಟ್ಟ ನೀರನ್ನೂ ತುಂಡುಗಳನ್ನೂ ಸೇರಿಸಿ ಇಳಿಸಿದೆ. ಅಮ್ಮ ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ತಿಂದು, “ಲಾಯ್ಕ್ ಇತ್ತ್. ಆರೆ ಕಾಯಿ ಎಲ್ಲಿತ್ತ್?” ಅಂದರು. ತೆಂಗಿಲ್ಲದೆ ಸಾರು ಅನ್ನಿಸಿಕೊಳ್ಳುವುದು ಅವರ ಲೆಕ್ಕದಲ್ಲಿ ನಡೆಯದ ಕೆಲಸ.

ಇಲ್ಲಿಗೆ ಕೊಟ್ಟ ಮಾತು ಮುಗಿಯಿತು. ಆದರೆ ಸಾರಿನ ಮಾತು ಬಂದಾಗ ಒಂದು ಹಳೆಯ ಬಾಕಿ ತೀರಿಸದೆ ಹೇಗೆ ಬಿಡುವುದು? ಬೆಂಗಳೂರಿನಲ್ಲಿ ಕುಂದಾಪುರ ಅಂದರೆ ಈಗ ಘೀ ರೋಸ್ಟ್. ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಅದು ಹುಟ್ಟಿತು ಅಂತ ಎಲ್ಲರೂ ಹೇಳುತ್ತಾರೆ, ಹುಟ್ಟಿದ ಮನೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಅದರ ಮರಿಮಕ್ಕಳ ಮೇಲೆ. ಪನೀರಿಗೂ ಘೀ ರೋಸ್ಟ್, ಅಣಬೆಗೂ ಘೀ ರೋಸ್ಟ್. ತುಪ್ಪ ಸೋರುವ ಕೆಂಪು ಒಣ ತಿನಿಸು ಒಂದು ಇಡೀ ಸೀಮೆಯ ಹೆಸರನ್ನು ನುಂಗಿ ಕೂತಿದೆ. ರಾಜಧಾನಿಯ ಒಂದು ಹೋಟೆಲಿನಲ್ಲಿ ಬೋರ್ಡು ನೋಡಿ ‘ಕುಂದಾಪ್ರ ಕೋಳಿ ಸಾರು’ ಹೇಳಿದೆ. ಬಂದದ್ದು ಗೋಡಂಬಿ ಅರೆದ ಕೆನೆ. ನೀರುದೋಸೆಯನ್ನು ಅದಕ್ಕೆ ಅದ್ದಿದರೆ ಮುಳುಗಲೇ ಇಲ್ಲ. ಸಾರು ಅಂದ ಮೇಲೆ ದೋಸೆ ಮುಳುಗಬೇಕು, ಕೋಳಿ ಕಜ್ಜಾಯ ಮೆತ್ತಗಾಗಬೇಕು, ಮರುದಿನ ಬೆಳಿಗ್ಗೆ ಉದ್ದಿನ ಕಡುಬಿಗೆ ಅರ್ಧ ಬಟ್ಟಲಾದರೂ ಉಳಿದಿರಬೇಕು.

ನಮ್ಮ ಮಸಾಲೆ ಪುಡಿಯ ಲೆಕ್ಕ ನಿಮಗೆಲ್ಲ ಗೊತ್ತಿದ್ದದ್ದೇ. ಅರ್ಧ ಕಿಲೋ ಬ್ಯಾಡಗಿಗೆ ಕಾಲು ಕಿಲೋ ಕೊತ್ತಂಬರಿ, ಜೀರಿಗೆ, ಮೆಂತೆ, ಅರಿಶಿನ, ಬೆಳ್ಳುಳ್ಳಿ, ತೆಂಗಿನೆಣ್ಣೆ ಕೈಗೆ ತಾಗಿದಷ್ಟು. ಒಂದು ಹಿಡಿ ಒಳ್ಳೆಮೆಣಸು. ಈ ಕೊನೆಯದರ ಹೆಸರು ಬರೆಯುವಾಗ ನನ್ನ ಪೆನ್ನು ನಿಂತಿತು.

ಘಟ್ಟದ ಮೇಲಿನವರು ಕಾಳುಮೆಣಸು ಅನ್ನುವುದನ್ನು ನಾವು ಒಳ್ಳೆಮೆಣಸು ಅನ್ನುತ್ತೇವೆ. ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ನಲ್ಲಮುಳಗು, ಎಲ್ಲವೂ ‘ಒಳ್ಳೆಯ’ದೇ. ಹಾಗಾದರೆ ಕೆಟ್ಟದ್ದು ಯಾವುದು? ನನ್ನ ಲೆಕ್ಕದಲ್ಲಿ ಇದು ಅಜ್ಜಿಯಂದಿರ ತೀರ್ಪು. ಹಳೆಗನ್ನಡದಲ್ಲಿ ಮೆಣಸು ಅಂದರೆ ಈ ಬಳ್ಳಿಯ ಕಾಳು ಒಂದೇ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ ಬರೆದ. ಜೈನ ಕವಿ, ಮಾಂಸದ ಸುದ್ದಿ ಇಲ್ಲ. ಆದರೂ ನನ್ನ ತಲೆದಿಂಬಿನ ಪಕ್ಕ ಇರುವ ಪುಸ್ತಕ ಅದೇ. ಬದನೆಕಾಯಿಯೊಂದನ್ನೇ ಎಷ್ಟೆಷ್ಟು ಬಗೆಯಲ್ಲಿ ಬೇಯಿಸಬಹುದು ಅಂತ ಷಟ್ಪದಿಯಲ್ಲಿ ಹಾಡುವ ಆ ಮನುಷ್ಯ ನಮ್ಮ ಕೆಂಪು ಮೆಣಸನ್ನು ಕಂಡವನಲ್ಲ. ಅದು ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು ಬಂದದ್ದು ನಮ್ಮ ಒಳ್ಳೆಮೆಣಸಿಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೆದರು. ನಮ್ಮ ಬಸ್ರೂರಿನ ಅಕ್ಕಿ ಅವರ ಹಡಗಿನಲ್ಲಿ ಗೋವೆಗೆ ಹೋಗುತ್ತಿತ್ತು. ಅಂಥ ಯಾವುದೋ ಹಡಗಿನ ಜೊತೆ ಬಂದ ಹೊಸ ಮೆಣಸು ಅಗ್ಗಕ್ಕೆ ಹಿತ್ತಲಲ್ಲೇ ಬೆಳೆಯಿತು, ಬಣ್ಣವನ್ನೂ ಕೊಟ್ಟಿತು, ಕಡೆಗೆ ಹಳಬನ ಹೆಸರನ್ನೂ ಕಿತ್ತುಕೊಂಡಿತು. ಆಗ ಮನೆಯ ಹೆಂಗಸರು ಹಳಬನಿಗೆ ಒಂದು ಬಿರುದು ಕೊಟ್ಟಿರಬೇಕು: ಅದು ಮೆಣಸಾದರೆ ಇದು ಒಳ್ಳೆಮೆಣಸು.

ಇದನ್ನು ಅಳಿಯನಿಗೆ ಹೇಳಿದೆ. ಅವನು ಮರುದಿನ ಲಾಗೋಸ್ ಮಾರುಕಟ್ಟೆಯಿಂದ ಒಂದು ಫೋಟೋ ಕಳಿಸಿದ. ನೋಡಲು ನಮ್ಮ ಮೆಣಸಿನ ಕಾಳೇ, ಸ್ವಲ್ಪ ಸಣ್ಣದು, ಹಿಂದೆ ಬಾಲದ ಹಾಗೆ ತೊಟ್ಟು. ಯೊರುಬಾದಲ್ಲಿ ಇಯೆರೆ, ಇಗ್ಬೊದಲ್ಲಿ ಉಜಿಜಾ. ಶಾಸ್ತ್ರದವರ ಭಾಷೆಯಲ್ಲಿ ನಮ್ಮದು ಪೈಪರ್ ನೈಗ್ರಮ್, ಅದು ಪೈಪರ್ ಗಿನೀನ್ಸೆ, ಅಣ್ಣತಮ್ಮಂದಿರ ಮಕ್ಕಳು. ಅಲ್ಲಿಗೂ ಕೆಂಪು ಮೆಣಸು ತಲುಪಿದ್ದು ಅದೇ ಪೋರ್ಚುಗೀಸರ ಕಾಲದಲ್ಲಿ. ಈಗ ಅಲ್ಲಿ ಬರೀ ‘ಅಟಾ’ ಅಂದರೆ ಹೊಸಬನೇ.

ಮೆಣಸು ಬರುವ ಮುಂಚೆ ಉಪ್ಪುಂದದ ಕೋಳಿ ಸಾರು ಹೇಗಿತ್ತು? ತಡೆಯಲಾಗಲಿಲ್ಲ. ಭಾನುವಾರ ಉಳಿದ ಅರ್ಧ ಕೋಳಿಗೆ ಒಂದೇ ಒಂದು ಒಣಮೆಣಸು ತಾಗಿಸದೆ ಒಳ್ಳೆಮೆಣಸು, ಜೀರಿಗೆ, ಬೆಳ್ಳುಳ್ಳಿ, ಶುಂಠಿ, ಅರಿಶಿನ ಕಲ್ಲಿನಲ್ಲಿ ಅರೆದೆ. ಕಾಯಿಯ ಎರಡನೇ ಹಾಲಿನಲ್ಲಿ ಬೇಯಿಸಿ ಮೊದಲ ಹಾಲು ಹಾಕಿ ಇಳಿಸಿದೆ. ಬಣ್ಣ ಕೆಸರು ಹಳದಿ. ಖಾರ ನಾಲಿಗೆಗೆ ಹೊಡೆಯಲಿಲ್ಲ, ಗಂಟಲಲ್ಲಿ ಇಳಿದು ಎದೆಯಲ್ಲಿ ಕಾದು ಕೂತಿತು. ಐನೂರು ವರ್ಷ ಹಿಂದಿನ ರುಚಿಯನ್ನು ನಾನೇ ಅಗೆದು ತೆಗೆದೆ ಅಂತ ಬೀಗುತ್ತ ಅಮ್ಮನ ಮುಂದೆ ಬಟ್ಟಲು ಇಟ್ಟೆ.

ಅವರು ಮೂಸಿದರು. “ಎಂತ ಮಗ, ಬಾಣಂತಿ ಸಾರ್ ಮಾಡಿದ್ದೆ? ಯಾರ್ ಹೆತ್ತದ್?”

ಹೌದಲ್ಲ. ಬಾಣಂತಿಗೆ ಒಣಮೆಣಸು ಕೊಡುವುದಿಲ್ಲ, ಒಳ್ಳೆಮೆಣಸಿನ ಕೋಳಿ ಸಾರು ಕೊಡುತ್ತಾರೆ. ನಮ್ಮ ಮನೆಯಲ್ಲೇ ಎರಡು ಸಲ ಮಾಡಿದ್ದಾರೆ, ಎರಡು ಸಲವೂ ನಾನು ಆ ಕೋಣೆಯ ಹೊರಗೆ ನಿಂತವನು. ಎಲ್ಲ ಒಲೆಗಳ ಮೇಲಿಂದ ಹೋದ ಸಾರು ಆ ಒಂದು ಕೋಣೆಯಲ್ಲಿ ಉಳಿದಿತ್ತು. ರಾತ್ರಿ ಅಳಿಯನಿಗೆ ಫೋನಿಸಿದರೆ ಅವನ ಇಗ್ಬೊ ಸಹೋದ್ಯೋಗಿ ಪಕ್ಕದಲ್ಲೇ ಇದ್ದ. ಅವರಲ್ಲೂ ಹೆತ್ತ ಮಗಳ ಮನೆಗೆ ತಾಯಿ ಬಂದು ತಿಂಗಳುಗಟ್ಟಲೆ ಇರುವುದುಂಟು. ಬಂದ ತಾಯಿ ಮಾಡುವುದು ಜಿ ಮ್ಮಿರಿ ಒಕು, ಗೆಣಸಿನಂಥ ಯಾಮ್ ಗಡ್ಡೆಯ ಬಿಸಿ ಸಾರು. ಅದಕ್ಕೆ ಬೀಳುವುದು ಉಜಿಜಾ.

ಅಷ್ಟು ಹೊತ್ತಿಗೆ ಅಮ್ಮ ಎರಡನೇ ಸೌಟು ಹಾಕಿಸಿಕೊಂಡಿದ್ದರು. “ಮೆಣ್ಸ್ ಇನ್ ಸ್ವಲ್ಪ ಬೇಕಿತ್ತ್” ಅಂದರು. ಯಾವ ಮೆಣಸು ಅಂತ ನಾನು ಕೇಳಲಿಲ್ಲ.